ಗಿಲೆಲ್ಸೋ, ಹ್ಯಾಮೆಲಿನ್ನೋ?

ಜಯಲಕ್ಷ್ಮಿಪುರಂನ ನಮ್ಮ ಭಾವನವರಿಗೆ ರಾಜಕೀಯ, ಕ್ರಿಕೆಟ್ಟು ಯಾವುದೂ ಬೇಡ. ಜಗಳಕ್ಕೆ ಪಿಯಾನೊ ಸೊನಾಟವೇ ಆಗಬೇಕು. ರಷ್ಯಾದ ಸಂಯೋಜಕ ಮೆಟ್ನರನ ‘ರೆಮಿನಿಸೆಂಜಾ’ ಯಾರ ಕೈಯಲ್ಲಿ ಚೆಂದ? “ಗಿಲೆಲ್ಸ್ ನುಡಿಸಿದರೆ ನೆನಪು ತೇಲಿ ಬರುತ್ತೆ ಕಣೋ, ಹ್ಯಾಮೆಲಿನ್ ನುಡಿಸಿದರೆ ಬೆರಳಷ್ಟೇ ಕಾಣುತ್ತೆ” ಎನ್ನುತ್ತಾರೆ. ಮೆಟ್ನರನ ಹದಿನಾಲ್ಕೂ ಸೊನಾಟಗಳನ್ನು ನುಡಿಸಿಟ್ಟ ಹ್ಯಾಮೆಲಿನ್‌ನ ಪಕ್ಷ ನನ್ನದು.

“ಆ ರಷ್ಯಾದವನ ಉಸಾಬರಿ ನಿಮಗ್ಯಾಕ್ರೀ?” ಅಕ್ಕ ಗದರಿದಳು.

“ಅವನು ನಮ್ಮವನೇ ಕಣೇ! ಲಂಡನ್ನಿನಲ್ಲಿ ಇಳಿವಯಸ್ಸಿನ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಎಚ್‌ಎಂವಿ ಪ್ಲೇಟು ಮಾಡಿಸಿದ್ದು ನಮ್ಮ ಜಯಚಾಮರಾಜ ಒಡೆಯರ ದುಡ್ಡಿನಲ್ಲಿ. ಅದಕ್ಕೇ ಮೂರನೇ ಕಾನ್ಸರ್ಟೊ ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ, ಪಾಪ.”

ಅಕ್ಕ ತಲೆಯಾಡಿಸಿದಳು: “ಸರಿ ಹಾಗಾದ್ರೆ, ಈ ತಿಂಗಳ ಕರೆಂಟ್ ಬಿಲ್ಲೂ ಅರಮನೆಗೇ ಕಳಿಸಿಬಿಡಿ.”