ಕಳೆದುಹೋದ ಗುಡ್ಡ

"ಏನಪ್ಪಾ, ಮುಖದ ಮೇಲೆ ಮಂಜು ಕವಿದಿದೆ?" ಬೇಲಿಯಾಚೆ ಕ್ಯಾರೆಟ್ ತೊಳೆಯುತ್ತಿದ್ದ ಅಕ್ಕ ಕೇಳಿದರು.

"ಗುಡ್ಡ ಕಳೆದುಹೋಯ್ತಕ್ಕ."

ಊಟಿಯಲ್ಲಿ ಕೂತು ಈ ಮಾತಾಡಿದರೆ ನಗದವರುಂಟೇ? ನನ್ನದು ಕಂಪ್ಯೂಟರಿನ ಗುಡ್ಡ. ನಮ್ಮ ಇಳಿಜಾರಿನಲ್ಲಿ ಮನೆಯ ಪ್ಲಾನ್ ಬರೆಯಬೇಕಾದರೆ ಮೊದಲು ಸರ್ವೆಯವರ ಕಾಂಟೂರ್, ಅಂದರೆ ನೆಲದ ಏರಿಳಿತ ತೋರಿಸುವ ಗೆರೆಗಳು, ಬೇಕು. ನೀಲಗಿರಿಯಲ್ಲಿ ಮನೆ 7 ಮೀಟರ್ ದಾಟಬಾರದು; ನೆಲವೇ ಗೊತ್ತಿಲ್ಲದಿದ್ದರೆ ಎತ್ತರ ಎಲ್ಲಿಂದ ಅಳೆಯೋದು? ಆ ಕಾಂಟೂರನ್ನು ನಾನು ಕಾಪಿ ಮಾಡಿಕೊಳ್ಳುವುದಿಲ್ಲ, ಎಕ್ಸ್‌ರೆಫ್ ಹಾಕುತ್ತೇನೆ. ಸರ್ವೆ ಫೈಲು ತನ್ನ ಜಾಗದಲ್ಲೇ ಇದ್ದು ನನ್ನ ಪ್ಲಾನಿನಲ್ಲಿ ಕಾಣಿಸುತ್ತದೆ. ಅವರು ಗೆರೆ ತಿದ್ದಿದರೆ, ರೀಲೋಡ್ ಕೊಟ್ಟರಾಯಿತು, ನನ್ನಲ್ಲೂ ತಿದ್ದಿರುತ್ತದೆ. 1990ರಲ್ಲಿ, ರಿಲೀಸ್ 11ರ ಹೊತ್ತಿಗೇ ನಮ್ಮ ಡ್ರಾಯಿಂಗ್ ಸಾಫ್ಟ್‌ವೇರ್ ಆಟೋಕ್ಯಾಡಿಗೆ ಬಂದ ಅನುಕೂಲ ಇದು.

"ನಮ್ಮ ಪ್ಲಮ್ಸ್ ಮರ ನಿಮ್ಮ ಕಿಟಕೀಲಿ ಕಂಡ ಹಾಗೆ," ಅಂದರು ಅಕ್ಕ. "ನಾನು ಕಡಿಸಿದರೆ ನಿಮ್ಮ ಕಿಟಕಿ ಖಾಲಿ."

ಆದದ್ದೂ ಅದೇ. ಗೂಡಲೂರಿನ ಇಂಜಿನಿಯರಿಗೆ ಪ್ಲಾನ್ ಒಂದನ್ನೇ ಮೇಲ್ ಮಾಡಿಬಿಟ್ಟೆ. ಅವರು ತೆರೆದರೆ ಮನೆ ಅಂತರದಲ್ಲಿ ನೇತಾಡುತ್ತಿದೆ. ಗುಡ್ಡ ಇರಬೇಕಾದಲ್ಲಿ ಒಂದೇ ಒಂದು ಸಾಲು ಅಕ್ಷರ: ನನ್ನ ಡಿ ಡ್ರೈವಿನ ವಿಳಾಸ, ಫೋಲ್ಡರಿನ ಹೆಸರು, ಫೈಲಿನ ಹೆಸರು. ಅವರ ಕಂಪ್ಯೂಟರಿಗೆ ನನ್ನ ಡಿ ಡ್ರೈವ್ ಯಾವ ಲೆಕ್ಕ?

ಈ ವಿಳಾಸ ಬರೆಯಲು ಎರಡು ದಾರಿ. ಫುಲ್ ಪಾತ್ ಅಂದರೆ ಚೇರಿಂಗ್ ಕ್ರಾಸಿನಿಂದ ಹಿಡಿದು ಮನೆ ನಂಬರಿನವರೆಗೆ ಬರೆದ ವಿಳಾಸ. ರಿಲೇಟಿವ್ ಪಾತ್ ಅಂದರೆ "ಪಕ್ಕದ ಮನೆ", ಅಷ್ಟೇ. ಎರಡೂ ಮನೆಯವರು ಒಟ್ಟಿಗೆ ಮಸಿನಗುಡಿಗೆ ಹೋಗಿ ಅಕ್ಕಪಕ್ಕವೇ ಕೂತರೂ ಅದು ಪಕ್ಕದ ಮನೆಯೇ. ಆದರೆ ಒಟ್ಟಿಗೆ ಹೋಗಬೇಕು! ನಾನು ಕಳಿಸಿದ್ದು ಒಬ್ಬರನ್ನೇ.

ಎಕ್ಸ್‌ರೆಫ್ ಹಾಕುವಾಗ ಅಟ್ಯಾಚೋ ಓವರ್‌ಲೇಯೋ ಎನ್ನುವ ತಕರಾರು ಬೇರೆ. ಅಟ್ಯಾಚ್ ಮಾಡಿದ್ದರೆ, ನನ್ನ ಪ್ಲಾನನ್ನು ಇನ್ನೊಬ್ಬರು ಎಕ್ಸ್‌ರೆಫ್ ಮಾಡಿಕೊಂಡಾಗ ಸರ್ವೆಯೂ ಹಿಂದೆಯೇ ಹೊರಡುತ್ತದೆ, ಸಕುಟುಂಬ ಸಪರಿವಾರ. ಓವರ್‌ಲೇ ಆದರೆ ಪ್ಲಾನ್ ಒಂದೇ ಮದುವೆಗೆ ಹೋಗುತ್ತದೆ.

"ಆ ಗುಡ್ಡಾನ ಮನೆಯೊಳಗೇ ಸೇರಿಸಿಕೊಳ್ಳಬಾರದಾ?" ಅಕ್ಕನ ಪ್ರಶ್ನೆ. ಸೇರಿಸಬಹುದು, ಬೈಂಡ್ ಅಂತಾರೆ. ಆದರೆ ನಾಳೆ ಸರ್ವೆಯವರು ಗೆರೆ ತಿದ್ದಿದರೆ ನನಗೆ ಸುದ್ದಿಯೇ ಇರುವುದಿಲ್ಲ. ಕೆಲಸ ಮುಗಿದ ಮೇಲಾದರೆ ಸರಿ, ನಡುವೆ ಬೇಡ.



ಅದಕ್ಕೇ, ಡ್ರಾಯಿಂಗ್ ಕಳಿಸುವ ಮಾರಾಯರೇ, ಈ-ಟ್ರಾನ್ಸ್‌ಮಿಟ್ ಒತ್ತಿ ಎಲ್ಲ ಫೈಲನ್ನೂ ಒಂದೇ ಜಿಪ್‌ನಲ್ಲಿ ಕಟ್ಟಿ ಕಳಿಸಿ.