ಇಸಿಲದ ಮಹಾಮಾತ್ರರಿಗೆ ಒಂದು ಅನುಪಾಲನಾ ವರದಿ

ಅಶೋಕನ ಕಾಲದ ಅಧಿಕಾರಿಗಳಾದ ಇಸಿಲದ ಮಹಾಮಾತ್ರರ ಸನ್ನಿಧಿಗೆ,

ವಿಷಯ: ಜೀವದಯೆ ಕುರಿತು.
ಉಲ್ಲೇಖ: ಬ್ರಹ್ಮಗಿರಿ ಬಂಡೆ ಶಾಸನ, ಮೊಳಕಾಲ್ಮುರು ತಾಲ್ಲೂಕು.

ಸುವರ್ಣಗಿರಿಯಿಂದ ತಮಗೆ ಬಂದ ಅಶೋಕನ ಸುತ್ತೋಲೆ ಮೊದಲು ತಮ್ಮ ಆರೋಗ್ಯ ವಿಚಾರಿಸಿ, ಆಮೇಲೆ ಪ್ರಾಣಿಗಳ ಮೇಲೆ ದಯೆಯಿರಲಿ, ನಿಜ ಹೇಳಿ ಎಂದಿತ್ತು. ಬರೆದ ಲಿಪಿಕಾರ ಚಪಡ ಕೆಳಗೆ ಹೆಸರನ್ನೂ ಹಾಕಿದ್ದ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚುವವರೆಗೆ ಕಡತ ಬಂಡೆಯ ಮೇಲೇ ಬಿದ್ದಿತ್ತು. ಈಗಿನ ಕಚೇರಿಗಳ ಲೆಕ್ಕದಲ್ಲಿ ಅದೇನು ದೊಡ್ಡ ವಿಳಂಬವಲ್ಲ.

ಪಕ್ಕದ ಚಳ್ಳಕೆರೆಯಲ್ಲಿ ಆಡಳಿತಕ್ಕೆ ಹಸಿರಿನ ಹುಚ್ಚು ಹತ್ತಿದ ಕಥೆ ತಮಗೆ ತಲುಪಬೇಕು. ಅಲ್ಲಿ ಮೈಸೂರು ಅರಸರು ದನಗಳಿಗೆಂದು ಬಿಟ್ಟ ಅಮೃತಮಹಲ್ ಕಾವಲುಗಳಿವೆ. ಬೇಸಿಗೆಗೊಂದು, ಮಳೆಗೊಂದು, ಚಳಿಗೊಂದು ಎಂದು ಕಾವಲು ಬದಲಿಸಿ ಹುಲ್ಲಿಗೆ ಉಸಿರಾಡಲು ಬಿಡುತ್ತಿದ್ದ ಆ ಪದ್ಧತಿಗೆ ಆಗ ಯಾರೂ ‘ಹಸಿರು ನಾವೀನ್ಯ’ ಎಂದು ಫಲಕ ತೂಗುಹಾಕಿರಲಿಲ್ಲ. ಅದೇ ತಪ್ಪಾಯಿತು.

ಬೇಸಿಗೆಯಲ್ಲಿ ಕಾವಲಿನ ಕರಡ ಹುಲ್ಲು ಒಣಗಿ ಕುರಿಯ ಬೆನ್ನಿನ ಬಣ್ಣಕ್ಕೆ ತಿರುಗುತ್ತದೆ; ಬುಡ ಮಾತ್ರ ಸತ್ತಿರುವುದಿಲ್ಲ. ಎರಡು ಹದ ಮಳೆ ಸಾಕು. ಕಾವಲನ್ನು ಬರಡೆಂದು ಕಂಡ ಸ್ಥಳ ತನಿಖೆಯ ಜೀಪು ಬಹುಶಃ ಏಪ್ರಿಲ್‌ನಲ್ಲಿ ಬಂದಿತ್ತು.

2007ರಿಂದ ಕೆಲವೇ ವರ್ಷಗಳಲ್ಲಿ ಕುದಾಪುರ, ವರವು, ಉಳ್ಳಾರ್ತಿ ಸುತ್ತಿನ ಸುಮಾರು 10,000 ಎಕರೆ ಹಂಚಿಹೋಯಿತು: ಡಿಆರ್‌ಡಿಒಗೆ 4,290, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಸೌರ ವಿದ್ಯುತ್ತಿಗೆಂದು ಖಾಸಗಿ ಕಂಪನಿಗೆ 1,250. ಬಹಳಷ್ಟು ಕುರಿಗಾಹಿಗಳಿಗೆ ಸುದ್ದಿ ಮುಟ್ಟಿಸಿದ್ದು ಗೋಡೆ. ಮಾತು ಹಸಿರು ನ್ಯಾಯಪೀಠದವರೆಗೂ ಹೋಯಿತು.

ಸೌರಶಕ್ತಿಯ ಮೇಲೆ ಯಾರಿಗೂ ಮುನಿಸಿಲ್ಲ. ನೆರೆಯ ಪಾವಗಡದಲ್ಲಿ 2,050 ಮೆಗಾವಾಟ್ ಪಾರ್ಕಿಗೆ ಸುಮಾರು 13,000 ಎಕರೆ ಗುತ್ತಿಗೆಗೆ ಪಡೆದರು. ಪಹಣಿಯಲ್ಲಿ ಹೆಸರು ರೈತನದೇ ಉಳಿಯಿತು, ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಕಾವಲಿನ ಪಹಣಿಯಲ್ಲಿ ಕುರಿಯ ಹೆಸರಿಲ್ಲ, ಆದ್ದರಿಂದ ಬಾಡಿಗೆಯೂ ಇಲ್ಲ. ಆ ಕುರಿಯ ಉಣ್ಣೆ ಕೈಯಲ್ಲೇ ನೂಲಾಗಿ, ಹುಣಸೆಬೀಜದ ಗಂಜಿ ಕುಡಿದು ಕಂಬಳಿಯಾಗುತ್ತದೆ. ಒಂದು ಯೂನಿಟ್ ಕರೆಂಟೂ ಬೇಡದ ಈ ಉದ್ಯಮಕ್ಕೆ ಯಾವ ಹಸಿರು ಪ್ರಮಾಣಪತ್ರ ಕೊಡಬೇಕೆಂದು ಕಚೇರಿಯಲ್ಲಿ ನಮೂನೆ ಸಿಕ್ಕಿಲ್ಲವಂತೆ.

ಲಗತ್ತು: ಕರಡ, ಒಂದು ಹಿಡಿ. ಷರಾ ಬರೆಯುವ ಮುನ್ನ ನೀರು ಚಿಮುಕಿಸಿ ನೋಡುವುದು.

ಪ್ರತಿ: ಕುದಾಪುರ ಕಾವಲಿನ ಕುರಿಗಳಿಗೆ, ಮಾಹಿತಿಗಾಗಿ.