ಮೊಣಕಾಲ ಮೇಲಿನ ರಾಜಕೀಯ

ಬೆಂಗಳೂರಿನ ಬಿಳೇಕಹಳ್ಳಿಯಲ್ಲಿ ಗಿಡ್ಡ ಫ್ರಾಕ್ ಹಾಕುವವಳು ಕನ್ನಡಿಗಿಂತ ಮೊದಲು ಬನ್ನೇರುಘಟ್ಟ ರಸ್ತೆಯನ್ನು ನೋಡಬೇಕು. ಆಟೋ ಹತ್ತುವಾಗ ಒಂದು ಕೈ ಬ್ಯಾಗಿಗೆ, ಇನ್ನೊಂದು ಫ್ರಾಕಿನ ಅಂಚಿಗೆ. "ಮೀಟರ್ ಮೇಲೆ ಐವತ್ತು ಕೊಡಿ ಮೇಡಂ" ಎನ್ನುವವನ ಜೊತೆ ಜಗಳಕ್ಕೆ ಕೈಯೇ ಉಳಿಯುವುದಿಲ್ಲ. ಈ ಫ್ರಾಕಿಗೂ ಒಂದು ವಂಶಾವಳಿಯಿದೆ: 1926ರಲ್ಲಿ ವೋಗ್ ಫ್ಯಾಶನ್ ಪತ್ರಿಕೆ ವಿನ್ಯಾಸಕಿ ಕೊಕೊ ಶನೆಲ್‌ರ ಸರಳ ಕಪ್ಪು ಉಡುಪಿನ ಚಿತ್ರ ಅಚ್ಚು ಹಾಕಿತು. 1960ರ ದಶಕದಲ್ಲಿ ಲಂಡನ್ನಿನ ವಿನ್ಯಾಸಕಿ ಮೇರಿ ಕ್ವಾಂಟ್ ಮಿನಿಸ್ಕರ್ಟನ್ನು ಮನೆಮಾತು ಮಾಡಿದರು. ಪಾಪ, ಇಬ್ಬರಿಗೂ ನಮ್ಮ ಮೆಟ್ರೊ ಕಾಮಗಾರಿಯ ಧೂಳಿನ ಅಂದಾಜಿರಲಿಲ್ಲ. ಶನೆಲ್‌ರ ಕಪ್ಪು ಇಲ್ಲಿ ಸಂಜೆಗೆ ಬೂದಿಬಣ್ಣ.

ನನ್ನದು ಎ-ಲೈನ್. ಸೊಂಟದಲ್ಲಿ ಬಿಗಿ, ಕೆಳಗೆ ಧಾರಾಳ. ಬೆಳಗಿನ ಮಸಾಲೆ ದೋಸೆಯ ಗುಟ್ಟು ರಟ್ಟಾಗುವುದಿಲ್ಲ. ಆಫೀಸಿಗೆ ಮೇಲೊಂದು ಬ್ಲೇಜರ್, ಬರ್ತ್‌ಡೇ ಪಾರ್ಟಿಗೆ ಉದ್ದನೆಯ ಜುಮಕಿ, ಬಸವನಗುಡಿಯ ನೆಂಟರ ಮನೆಗೆ ಕೆಳಗೊಂದು ಲೆಗ್ಗಿಂಗ್ಸ್, ಹೆಗಲಿಗೊಂದು ದುಪಟ್ಟಾ. ಅಲ್ಲಿಗೆ ಅದೇ ಫ್ರಾಕು ಕುರ್ತಾ ಆಗಿ, ಮನೆತನದ ಮರ್ಯಾದೆ ಉಳಿಯಿತು!

ಅತ್ತೆಯವರು ಮಾತ್ರ ಅಂಚನ್ನೇ ದಿಟ್ಟಿಸಿ, "ಬಟ್ಟೆ ಸಾಲಲಿಲ್ವೇನಮ್ಮಾ? ಜಯನಗರ ಫೋರ್ತ್ ಬ್ಲಾಕಲ್ಲಿ ಇನ್ನೊಂದು ಮೀಟರ್ ಕೊಡಿಸಲಾ?" ಎಂದರು.

"ಕೊಡಿಸಿ ಅತ್ತೆ, ಇನ್ನೊಂದು ಫ್ರಾಕೇ ಆಗುತ್ತೆ" ಎಂದೆ.